ಸುರಪುರದ ಚಿತ್ರಕಲೆಯೂ ಅರಸರ ಆಶ್ರಯವೂ

ಕಿರುಚಿತ್ರಗಳೆಂದೊಡನೆ ಮೊಗಲರ ದರ್ಬಾರು, ರಾಜಸ್ಥಾನ, ಕಾಂಗ್ರಾಗಳ ಹೆಸರುಗಳು ನಮ್ಮ ಬಾಯಿಗೆ ಬರುತ್ತವೆ. ಯಾದಗಿರಿ, ಶಹಾಪುರಗಳ ಮಕ್ಕಳು ಅವುಗಳನ್ನು ಬಾಯಿಪಾಠ ಮಾಡುವರು. ನೆರೆಯ ಸುರಪುರದ ಹೆಸರಿನಿಂದಲೇ ಒಂದು ಚಿತ್ರಸಂಪ್ರದಾಯವುಂಟೆಂಬದನ್ನು ಬಲ್ಲವರಾದರೋ ವಿರಳ. ಆದಕಾರಣ ಆ ವಿಷಯವನ್ನು ವಾಚಕರ ಮುಂದಿಡಲು ನಾವು ಇಚ್ಛಿಸುತ್ತೇವೆ.

ಈ ಕಲೆಗೆ ಬೆಲೆಯುಳ್ಳ ಬಣ್ಣ, ಬಂಗಾರದ ರೇಕು ಹಾಗೂ ತಿಂಗಳುಗಟ್ಟಲೆಯ ಬಿಡುವು ಬೇಕು. ಇವನ್ನು ಕೊಡಬಲ್ಲವರು ಅರಸರೇ ಆಗಿದ್ದರು. ಆಸ್ಥಾನಗಳು ಹೊರಗಿನ ವಿದ್ಯೆಯನ್ನೂ ಬರಮಾಡಿಕೊಳ್ಳುತ್ತಿದ್ದವು. 1580ರಲ್ಲಿ ಜೆಸುಯಿಟ್ ಪಾದ್ರಿಗಳು ಅಕ್ಬರನಿಗೆ ಹಲವು ಭಾಷೆಗಳ ಸಚಿತ್ರ ಸತ್ಯವೇದವನ್ನು ಕಾಣಿಕೆಯಾಗಿ ಕೊಟ್ಟರು. ಅವನ ಚಿತ್ರಕಾರರು ಯುರೋಪಿನ ಚಿತ್ರಗಳನ್ನು ನೋಡಿ ನೆರಳುಬೆಳಕಿನ ರೀತಿಯನ್ನು ಕಲಿತುಕೊಂಡರು. ನಮ್ಮ ಸೀಮೆಗೆ ಸಮೀಪವಾದ ಬಿಜಾಪುರದಲ್ಲಿ 1570ರಲ್ಲಿಯೇ ‘ನುಜೂಮ್ ಅಲ್ ಉಲೂಮ್’ ಎಂಬ ಸಚಿತ್ರ ಗ್ರಂಥವು ಸಿದ್ಧವಾಗಿತ್ತು. 1580ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಂ ಆದಿಲ್ ಶಹನು ಸಂಗೀತವನ್ನೂ ಚಿತ್ರವನ್ನೂ ಸಮನಾಗಿ ಪೋಷಿಸಿದನು. ಆದರೆ 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆಲ್ಲಲು ಆ ಆಶ್ರಯವು ಕೊನೆಗಂಡಿತು.

ಕೃಷ್ಣಾ ಭೀಮೆಯರ ನಡುವಣ ಈ ನಾಡಿನಲ್ಲಿ ಬೇಡ ನಾಯಕರು ಔರಂಗಜೇಬನನ್ನು ಎದುರಿಸಿ ನಿಂತರು. 1705ರಲ್ಲಿ ಅವರ ವಾಗಿನಗೇರಿ ಕೋಟೆಯು ಮೊಗಲರ ವಶವಾದರೂ ನಾಯಕರ ಸಂಸ್ಥಾನವು ಅಳಿಯಲಿಲ್ಲ. ಗುಡ್ಡಗಳ ನಡುವಣ ಸುರಪುರವು ಅದರ ರಾಜಧಾನಿಯಾಯಿತು. ಈ ಅರಸರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಚಿತ್ರಕಾರರು ದೇವತಾಮೂರ್ತಿಗಳನ್ನೂ ಪುರಾಣ ಪ್ರಸಂಗಗಳನ್ನೂ ದರ್ಬಾರಿನ ದೃಶ್ಯಗಳನ್ನೂ ಬರೆದರು. ಸೂಕ್ಷ್ಮವಾದ ರೇಖೆ, ಬಂಗಾರದ ಕೆಲಸ ಇವೇ ಅದರ ಮುಖ್ಯ ಲಕ್ಷಣಗಳು.

ಬಂಗಾರದ ಕೆಲಸವೆಂದರೇನೆಂಬದು ಮೈಸೂರಿನ ಪದ್ಧತಿಯಿಂದ ಚೆನ್ನಾಗಿ ತಿಳಿಯುವದು. ಅಲ್ಲಿ ಹುಣಿಸೆಯ ಕಡ್ಡಿಯ ಇದ್ದಲಿಯಿಂದ ಮೊದಲು ರೇಖೆಯನ್ನು ಎಳೆಯುವರು. ಆಭರಣ, ಸೆರಗು, ಕಂಬಗಳಿರುವಲ್ಲಿ ‘ಮಕ್ಕಿ ಸಫೇದ’ವೆಂಬ ಬಿಳಿಯ ಪುಡಿಯನ್ನು ಗೋಂದಿನಲ್ಲಿ ಕಲಸಿ ತುಸುವೇ ಉಬ್ಬುವಂತೆ ಹಚ್ಚಿ, ಅದರ ಮೇಲೆ ಬಂಗಾರದ ರೇಕನ್ನು ಅಂಟಿಸುವರು. ತರುವಾಯ ಅಳಿಲಿನ ಕೂದಲ ಕುಂಚದಿಂದ ಬಣ್ಣ ತುಂಬುವರು. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ಹೆಚ್ಚು, ಗಾಜಿನ ಹರಳುಗಳೂ ಉಂಟು. ಮೈಸೂರಿನವುಗಳಲ್ಲಿ ಉಬ್ಬು ಕಡಿಮೆ, ರೇಖೆಯೇ ಪ್ರಧಾನ.

ಇನ್ನು ಸುರಪುರದ ಕಲೆಯು ಏಕೆ ಕ್ಷೀಣಿಸಿತೆಂಬದನ್ನು ವಿಚಾರಿಸೋಣ. 1858ರಲ್ಲಿ ಇಂಗ್ಲಿಷರ ಮೇಲೆ ಎದ್ದ ರಾಜಾ ವೆಂಕಟಪ್ಪ ನಾಯಕನು ಸೋತು ಸೆರೆಯಾಗಿ, ಆ ವರ್ಷದಲ್ಲಿಯೇ ಗುಂಡೇಟಿನಿಂದ ಮೃತನಾದನು. 1860ರಲ್ಲಿ ಸಂಸ್ಥಾನವು ನಿಜಾಮನಿಗೆ ಸೇರಿಹೋಯಿತು. ಮೈಸೂರಿನಲ್ಲಿಯೂ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಆಡಳಿತವು ಜಾರಿತ್ತು. ಆದರೆ ಅಲ್ಲಿ ಅರಮನೆ ಉಳಿಯಿತು, ಅರಸರಿಗೆ ವರ್ಷಾಶನ ಉಳಿಯಿತು. ಅವರು 1868ರಲ್ಲಿ ತೀರಿಕೊಳ್ಳುವವರೆಗೂ ಚಿತ್ರಕಾರರಿಗೆ ಕೆಲಸ ಕೊಟ್ಟರು. ‘ಶ್ರೀತತ್ತ್ವನಿಧಿ’ಯೆಂಬ ಸಚಿತ್ರ ಗ್ರಂಥವು ಅವರ ಆಶ್ರಯದ ಫಲವು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಚಿತ್ರವನ್ನು ಪಾಠವಾಗಿಯೇ ಕಲಿಸತೊಡಗಿದರು. ಸುರಪುರಕ್ಕೆ ರಾಜ್ಯವೂ ಉಳಿಯಲಿಲ್ಲ, ಅಂಥ ಶಾಲೆಯೂ ದೊರೆಯಲಿಲ್ಲ. ಮನೆತನವೊಂದರ ಕೈಯಲ್ಲಿದ್ದ ವಿದ್ಯೆಯು ಆ ಮನೆತನದೊಡನೆಯೇ ಬಡವಾಯಿತು. ಆ ಶೈಲಿಯನ್ನು ಮರಳಿ ರೂಢಿಗೆ ತರಲು ಕೆಲವು ಚಿತ್ರಕಾರರು ಈಚೆಗೆ ಶ್ರಮಪಟ್ಟಿರುವದು ಸಂತೋಷದ ಸಂಗತಿ.

ಸತ್ಯವೇದದ ವಿಮೋಚನಕಾಂಡದಲ್ಲಿ ಬೆಚಲೇಲನೆಂಬ ಶಿಲ್ಪಿಯ ಕಥೆಯನ್ನು ನಾವೆಲ್ಲರೂ ಓದಿದ್ದೇವೆ. ಬಂಗಾರ, ಬೆಳ್ಳಿ, ತಾಮ್ರಗಳಲ್ಲಿ ಕೆಲಸ ಮಾಡುವ ಜಾಣ್ಮೆಯನ್ನು ದೇವರು ಅವನಿಗೆ ಕೊಟ್ಟನು; ಅದಲ್ಲದೆ ಇತರರಿಗೆ ಕಲಿಸುವ ಮನಸ್ಸನ್ನೂ ಕೊಟ್ಟನೆಂದು ಆ ಕಾಂಡದ 35ನೆಯ ಅಧ್ಯಾಯವು ಹೇಳುತ್ತದೆ. ಕಲಿಸದ ವಿದ್ಯೆಯು ಉಳಿಯದೆಂಬದಕ್ಕೆ ಸುರಪುರವೇ ಸಾಕ್ಷಿ.

ಹಾಗಾದರೆ ನಮ್ಮ ಕರ್ತವ್ಯವೇನು? ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈ ಮೂರು ತಾಲೂಕುಗಳಲ್ಲಿಯೇ ಗೃಹಿಣಿಯರೂ ಶಿಕ್ಷಕಿಯರೂ ಆಗಿರುವರು. ಮನೆಯಲ್ಲಾಗಲಿ ನೆರೆಯವರಲ್ಲಾಗಲಿ ಹಳೆಯ ಚಿತ್ರವಿದ್ದರೆ ಅದನ್ನು ತೇವಕ್ಕೂ ದೀಪದ ಹೊಗೆಗೂ ದೂರವಿಡಿರಿ. ಒದ್ದೆ ಬಟ್ಟೆಯಿಂದ ಒರೆಸಬೇಡಿರಿ. ನೀರು ತಗಲಿದರೆ ಗೋಂದು ಕರಗಿ ಬಂಗಾರವು ಏಳುವದು. ಅಂದಗೆಟ್ಟಿತೆಂದು ಹೊಸ ಬಣ್ಣ ಬಳಿಸಬೇಡಿರಿ. ಯಾರಿಂದ ಬಂತು, ಯಾವ ಊರಿನದು ಎಂಬದನ್ನು ಹಿರಿಯರಿಂದ ಕೇಳಿ ಬರೆದಿಡಿರಿ. ತಂದೆತಾಯಂದಿರು ಚಿತ್ರ ಬರೆಯುವ ಮಗಳಿಗೆ, ಇದು ಹೊತ್ತು ಕಳೆಯುವ ಕೆಲಸವೆಂದು ಗದರದೆ ಕಾಗದವನ್ನೂ ಕುಂಚವನ್ನೂ ಕೊಡಿಸಲಿ. ಅರಸರ ಕಾಲವು ಮುಗಿದಿದೆ. ಆಶ್ರಯ ಕೊಡುವ ಭಾರವು ಈಗ ಮನೆಗಳ ಮೇಲೆಯೂ ಶಾಲೆಗಳ ಮೇಲೆಯೂ ಬಿದ್ದಿರುತ್ತದೆ.