ಯಾವ ಕೆಲಸಕ್ಕೆ ಯಾವ ಬಾಗಿಲು? – ಸ್ಥಳೀಯ ಸರ್ಕಾರದ ಪಾಠದಲ್ಲಿ ನಾನು ಮಾಡಿದ ತಪ್ಪು ಮತ್ತು ತಿದ್ದುಪಡಿ

ಬೋಧನಾಭ್ಯಾಸದ ಅವಧಿಯಲ್ಲಿ ನನಗೆ ಸಿಕ್ಕ ಶಾಲೆ ತುಮಕೂರು ಜಿಲ್ಲೆಯ ಒಂದು ಹಳ್ಳಿಯದು. ಪಂಚಾಯಿತಿ ಕಚೇರಿ ಶಾಲೆಯ ಪಕ್ಕದಲ್ಲೇ ಇದೆ. ಹೋಬಳಿ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಬೇಕು. 8ನೇ ತರಗತಿಯಲ್ಲಿ 31 ಮಕ್ಕಳು. ಕೆಳಗಿನ ತರಗತಿಯಲ್ಲಿ ಓದಿದ್ದ ಸ್ಥಳೀಯ ಸರ್ಕಾರದ ವಿಷಯವನ್ನು ಪುನರಾವರ್ತನೆ ಮಾಡಿಸಿ, ಮುಂದಿನ ಪೌರನೀತಿ ಘಟಕಕ್ಕೆ ಸಿದ್ಧಪಡಿಸುವ ಕೆಲಸವನ್ನು ಮಾರ್ಗದರ್ಶಕ ಶಿಕ್ಷಕರು ನನಗೆ ವಹಿಸಿದರು. ಈ ವಿಷಯದ ಮೇಲೆ ನಾನು ಎರಡು ಪಾಠ ಮಾಡಿದೆ. ಮೊದಲನೆಯದಕ್ಕೆ ಒಳ್ಳೆಯ ಅಂಕ ಬಂತು, ಆದರೆ ಅದು ತಪ್ಪಾದ ಪಾಠವಾಗಿತ್ತು. ಎರಡನೆಯದು ಹೇಗೆ ಹುಟ್ಟಿತು ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳ ಮುಂದಿಡಲು ಈ ಲೇಖನ.

ಮೊದಲ ಪಾಠ

ಪಾಠ ಯೋಜನೆಯಲ್ಲಿ ಕೊರತೆಯೇನೂ ಇರಲಿಲ್ಲ. 73ನೇ ಸಂವಿಧಾನ ತಿದ್ದುಪಡಿ, ಅದು 1993ರ ಏಪ್ರಿಲ್ 24ರಂದು ಜಾರಿಗೆ ಬಂದದ್ದು, ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತಗಳು, ಗ್ರಾಮ ಪಂಚಾಯಿತಿಯ ಕಾರ್ಯಗಳು, ಆದಾಯದ ಮೂಲಗಳು ಎಲ್ಲವೂ ಇದ್ದವು. ಬಣ್ಣದ ಚಾರ್ಟ್ ಮಾಡಿಕೊಂಡು ಹೋಗಿದ್ದೆ. ಕೊನೆಯಲ್ಲಿ ‘ಗ್ರಾಮ ಪಂಚಾಯಿತಿಯ ನಾಲ್ಕು ಕಾರ್ಯಗಳನ್ನು ಬರೆಯಿರಿ’ ಎಂಬ ಪ್ರಶ್ನೆಗೆ 28 ಮಕ್ಕಳು ಸರಿಯಾಗಿ ಬರೆದರು. ವೀಕ್ಷಣಾ ಟಿಪ್ಪಣಿಯಲ್ಲಿ ‘ಉದ್ದೇಶ ಸಾಧನೆ ತೃಪ್ತಿಕರ’ ಎಂದು ಬಂತು.

ಗಂಟೆ ಹೊಡೆಯಲು ಎರಡು ನಿಮಿಷವಿದ್ದಾಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮಿಸ್, ವಿಧವಾ ವೇತನ ಎಲ್ಲಿ ಮಾಡಿಸ್ಬೇಕು?”

ಆಗಷ್ಟೇ ಪಂಚಾಯಿತಿಯ ಪಾಠ ಮುಗಿಸಿದ್ದೆ. ಯೋಚನೆ ಮಾಡದೆ “ಪಂಚಾಯ್ತಿಲಿ ಕೇಳಮ್ಮ, ಮಾಡಿಕೊಡ್ತಾರೆ” ಎಂದುಬಿಟ್ಟೆ. ಅವಳು ಯಾರಿಗಾಗಿ ಕೇಳುತ್ತಿದ್ದಾಳೆ ಎಂದು ಕೂಡ ವಿಚಾರಿಸಲಿಲ್ಲ.

ನಾಲ್ಕು ದಿನಗಳ ನಂತರ ಊಟದ ಬಿಡುವಿನಲ್ಲಿ ಅವಳೇ ಬಂದು ಹೇಳಿದಳು: “ಮಿಸ್, ನಮ್ಮಮ್ಮ ಪಂಚಾಯ್ತಿಗೆ ಹೋಗಿತ್ತು. ಇದು ಇಲ್ಲಿ ಬರಲ್ಲ, ನಾಡಕಚೇರಿಗೆ ಹೋಗು ಅಂದ್ರಂತೆ.” ಅದು ಕಡಲೆಕಾಯಿ ಬಿಡಿಸುವ ಕಾಲ. ತಾಯಿ ಒಂದು ದಿನದ ಕೂಲಿ ಬಿಟ್ಟು ಹೋಗಿದ್ದರು. ಹುಡುಗಿಯ ಮಾತಿನಲ್ಲಿ ದೂರು ಇರಲಿಲ್ಲ. ಮುಂದೇನು ಮಾಡಬೇಕೆಂದು ಮತ್ತೆ ನನ್ನನ್ನೇ ಕೇಳಲು ಬಂದಿದ್ದಳು. ನನಗೆ ಹೆಚ್ಚು ನೋವಾದದ್ದು ಅದಕ್ಕೇ.

ಮಾರ್ಗದರ್ಶಕ ಶಿಕ್ಷಕರಲ್ಲಿ ಹೇಳಿಕೊಂಡೆ. ಅವರು ಬೈಯಲಿಲ್ಲ. “ಗೊತ್ತಿಲ್ಲ ಅನ್ನೋದು ತಪ್ಪಲ್ಲಮ್ಮ. ಗೊತ್ತಿರೋ ಹಾಗೆ ಹೇಳಿದ್ದು ತಪ್ಪು. ನಾವು ಹೇಳಿದ್ದನ್ನ ಮಕ್ಕಳು ಮನೇಲಿ ಹೋಗಿ ಹೇಳ್ತಾರೆ, ಮನೆಯವರು ನಂಬ್ತಾರೆ” ಎಂದರು. ಇನ್ನೊಂದು ಪಾಠಕ್ಕೆ ಅವಧಿ ಬಿಟ್ಟುಕೊಟ್ಟರು.

ತಯಾರಿ

ಶನಿವಾರ ಶಾಲೆ ಬಿಟ್ಟ ಮೇಲೆ ಪಂಚಾಯಿತಿ ಕಚೇರಿಗೆ ಹೋದೆ. ಸೋಮವಾರ ರಜೆ ಹಾಕಿ ನಾಡಕಚೇರಿಗೆ ಹೋಗಿ, ಗೋಡೆಯ ಮೇಲಿನ ಫಲಕಗಳನ್ನು ಓದಿ ಬರೆದುಕೊಂಡೆ, ಖಾಲಿ ಅರ್ಜಿ ನಮೂನೆಗಳನ್ನು ತಂದೆ. ಅಲ್ಲಿ ನನಗೆ ಸ್ಪಷ್ಟವಾದದ್ದು ಎರಡು ಸಂಗತಿಗಳು. ಒಂದು, ಹಳ್ಳಿಯವರು ‘ಸರ್ಕಾರಿ ಆಫೀಸು’ ಎಂದು ಒಟ್ಟಾಗಿ ಕರೆಯುವುದು ನಿಜವಾಗಿ ಬೇರೆ ಬೇರೆ ಇಲಾಖೆಗಳು. ಗ್ರಾಮ ಪಂಚಾಯಿತಿ ಚುನಾಯಿತ ಸ್ಥಳೀಯ ಸರ್ಕಾರ. ನಾಡಕಚೇರಿ ಕಂದಾಯ ಇಲಾಖೆಯದು, ತಹಶೀಲ್ದಾರರ ಅಧೀನದಲ್ಲಿ ಹೋಬಳಿ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಎರಡು, ಅರ್ಜಿ ತೆಗೆದುಕೊಳ್ಳುವ ಕಿಟಕಿಯೇ ಬೇರೆ, ಮಂಜೂರು ಮಾಡುವ ಕೈಯೇ ಬೇರೆ. ಗ್ರಾಮ ಒನ್‌ನಂತಹ ಕೇಂದ್ರದಲ್ಲಿ ಹಲವು ಇಲಾಖೆಗಳ ಅರ್ಜಿ ಹಾಕಬಹುದು. ಆದರೆ ಪಿಂಚಣಿಯ ಅರ್ಜಿಯನ್ನು ಪರಿಶೀಲಿಸಿ ಆದೇಶ ಕೊಡುವುದು ಕಂದಾಯ ಇಲಾಖೆಯೇ. ತಡವಾದಾಗ ಯಾರನ್ನು ಕೇಳಬೇಕೆಂಬುದು ಇದು ಗೊತ್ತಿದ್ದರೆ ಮಾತ್ರ ತಿಳಿಯುತ್ತದೆ.

ಎರಡನೆಯ ಪಾಠ

ಪೀಠಿಕೆಯಾಗಿ ನನ್ನ ತಪ್ಪನ್ನೇ ಹೇಳಿದೆ. “ಹೋದ ವಾರ ಒಂದು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟೆ. ಇವತ್ತು ಎಲ್ಲರೂ ಸೇರಿ ಸರಿ ಮಾಡೋಣ.” ಹುಡುಗಿಯ ಹೆಸರನ್ನಾಗಲಿ ಅವಳ ಮನೆಯ ವಿಷಯವನ್ನಾಗಲಿ ಎತ್ತಲಿಲ್ಲ.

ಚಟುವಟಿಕೆ 1: ಮೂರು ಬಾಗಿಲು. ಗೋಡೆಗೆ ಮೂರು ಹಾಳೆ ಅಂಟಿಸಿದೆ: ಗ್ರಾಮ ಪಂಚಾಯಿತಿ, ಕಂದಾಯ ಇಲಾಖೆ, ಬೇರೆ ಇಲಾಖೆ. ನಾಲ್ಕು ಗುಂಪುಗಳಿಗೆ ತಲಾ ನಾಲ್ಕರಂತೆ 16 ಚೀಟಿ ಹಂಚಿದೆ. ಬೀದಿ ದೀಪದ ಬಲ್ಬು, ನಲ್ಲಿ ನೀರು, ಚರಂಡಿ, ಮನೆ ಕಂದಾಯ, ಉದ್ಯೋಗ ಖಾತರಿ ಕೆಲಸ, ಮನೆಯ ಇ-ಸ್ವತ್ತು, ಇವು ಪಂಚಾಯಿತಿಯವು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನ, ವಿಧವಾ ವೇತನ, ಪಹಣಿ, ಜಮೀನಿನ ಖಾತೆ ಬದಲಾವಣೆ, ಇವು ಕಂದಾಯ ಇಲಾಖೆಯವು. ರೇಷನ್ ಕಾರ್ಡ್, ಸುಟ್ಟುಹೋದ ಟ್ರಾನ್ಸ್‌ಫಾರ್ಮರ್, ಮಗುವಿನ ಲಸಿಕೆ, ಹಸುವಿನ ಜ್ವರ, ಇವು ಬೇರೆ ಇಲಾಖೆಯವು.

ಮೊದಲ ಸುತ್ತಿನಲ್ಲಿ ಸರಿಯಾದ ಹಾಳೆಗೆ ಬಂದದ್ದು 9 ಚೀಟಿ ಮಾತ್ರ. ಹೋದ ವಾರ ಪಂಚಾಯಿತಿಯ ಕಾರ್ಯಗಳನ್ನು ಸರಿಯಾಗಿ ಬರೆದಿದ್ದ ಮಕ್ಕಳೇ ಇವರು. ತಪ್ಪುಗಳಿಂದ ಒಳ್ಳೆಯ ಚರ್ಚೆ ಬಂತು. ಬೀದಿ ದೀಪವನ್ನು ಒಂದು ಗುಂಪು ಬೆಸ್ಕಾಂಗೆ ಹಾಕಿತ್ತು. ಬಲ್ಬು ಹೋದರೆ ಪಂಚಾಯಿತಿ, ತಂತಿ ಅಥವಾ ಟ್ರಾನ್ಸ್‌ಫಾರ್ಮರ್ ಕೆಟ್ಟರೆ ಬೆಸ್ಕಾಂ ಎಂದು ಬಿಡಿಸಿ ನೋಡಿದೆವು. ‘ಖಾತೆ’ ಎಂಬ ಒಂದೇ ಪದ ಇನ್ನೂ ಗೊಂದಲ ಮಾಡಿತು. ಊರೊಳಗಿನ ಮನೆಯ ಖಾತೆ ಪಂಚಾಯಿತಿಯಲ್ಲಿ, ಹೊಲದ ಖಾತೆ ಕಂದಾಯ ಇಲಾಖೆಯಲ್ಲಿ. “ಅದಕ್ಕೇ ನಮ್ಮ ತಾತ ಎರಡು ಕಡೆ ಓಡಾಡ್ತಿತ್ತು” ಎಂದು ಒಬ್ಬ ಹುಡುಗ ಹೇಳಿದ.

ಚಟುವಟಿಕೆ 2: ಅಜ್ಜಿಯ ಅರ್ಜಿ. ಒಬ್ಬಳು ಪಿಂಚಣಿಗೆ ಬಂದ ಅಜ್ಜಿ, ಒಬ್ಬ ಗುಮಾಸ್ತ. ಗುಮಾಸ್ತನಾದವನಿಗೆ ನಾನೇನೂ ಹೇಳಿಕೊಟ್ಟಿರಲಿಲ್ಲ. ಅವನು ತಲೆಯೆತ್ತದೆ “ಇಟ್ಟೋಗಜ್ಜಿ, ನೋಡ್ತೀನಿ” ಎಂದ. ಅಜ್ಜಿ ಅರ್ಜಿ ಇಟ್ಟು ಹೊರಟಳು. ತರಗತಿಯೆಲ್ಲ ನಕ್ಕಿತು. ನಾನು ಕೇಳಿದೆ: “ಈಗ ಅಜ್ಜಿ ಕೈಲಿ ಏನಿದೆ?” ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಒಂದು ದನಿ: “ಏನೂ ಇಲ್ಲ ಮಿಸ್.”

ಪಾಠದ ತಿರುಳು ಅಲ್ಲಿಂದ ಶುರುವಾಯಿತು. ಕಪ್ಪುಹಲಗೆಯ ಮೇಲೆ ಅರ್ಜಿಯ ಭಾಗಗಳನ್ನು ಮಕ್ಕಳೇ ಹೇಳಿದರು: ಇವರಿಗೆ, ಇವರಿಂದ, ವಿಷಯ, ವಿವರ, ಲಗತ್ತುಗಳು, ದಿನಾಂಕ, ಸಹಿ. ಕನ್ನಡ ಅವಧಿಯಲ್ಲಿ ಕಲಿತ ಪತ್ರಲೇಖನ ಇಲ್ಲಿ ಉಪಯೋಗಕ್ಕೆ ಬಂತು. ಅದಕ್ಕೆ ನಾನು ಸೇರಿಸಿದ್ದು ಇಷ್ಟು: ಕೈಬರಹದ ಅರ್ಜಿಯಾದರೆ ಎರಡು ಪ್ರತಿ ಒಯ್ಯಬೇಕು, ಒಂದರ ಮೇಲೆ ದಿನಾಂಕ, ಮೊಹರು, ಸಹಿ ಹಾಕಿಸಿಕೊಂಡು ಮನೆಗೆ ತರಬೇಕು. ಸಕಾಲಕ್ಕೆ ಸೇರಿದ ಸೇವೆಯಾದರೆ 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿ ಪತ್ರ ಕೇಳಿ ಪಡೆಯಬೇಕು. ಅಜ್ಜಿಯ ಪಾತ್ರವನ್ನು ಮತ್ತೆ ಮಾಡಿಸಿದಾಗ ಅವಳು ಕದಲಲಿಲ್ಲ. “ಸ್ವೀಕೃತಿ ಕೊಡಪ್ಪ, ಆಮೇಲೆ ಹೋಗ್ತೀನಿ” ಎಂದಳು. ಜಗಳವಾಡಬೇಕಿಲ್ಲ, ಕೇಳಿ ನಿಂತರೆ ಸಾಕು ಎಂಬುದನ್ನು ನಾನು ಹೇಳುವ ಮೊದಲೇ ಅವಳು ತೋರಿಸಿದ್ದಳು.

ಚಟುವಟಿಕೆ 3: ತಡವಾದರೆ? ಇಲ್ಲಿ ವಿವರಣೆ ನನ್ನದು. 2011ರ ಸಕಾಲ ಅಧಿನಿಯಮದಂತೆ ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಇಂತಿಷ್ಟು ದಿನ ಎಂಬ ಮಿತಿಯಿದೆ. ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರಕ್ಕೂ ಅವಕಾಶವಿದೆ. ಅರ್ಜಿ ಎಲ್ಲಿ ನಿಂತಿದೆ ಎಂದು ತಿಳಿಯಲು 2005ರ ಮಾಹಿತಿ ಹಕ್ಕು ಅಧಿನಿಯಮವಿದೆ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ, ಉತ್ತರಕ್ಕೆ ಸಾಮಾನ್ಯವಾಗಿ 30 ದಿನ. ಒಬ್ಬರ ಅರ್ಜಿಯಲ್ಲದೆ ಊರಿನದೇ ಸಮಸ್ಯೆಯಾದರೆ ವಾರ್ಡ್ ಸಭೆ, ಗ್ರಾಮ ಸಭೆ ಇವೆ. ಮಕ್ಕಳಿಗೆಂದೇ ಮಕ್ಕಳ ಗ್ರಾಮ ಸಭೆ ಇದೆ. ಕಾಲಮಿತಿ ನಮಗೂ ಇದೆ ಎಂಬುದಕ್ಕೆ ಜನನ ಮರಣ ನೋಂದಣಿಯ ಉದಾಹರಣೆ ಕೊಟ್ಟೆ: 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ, ಒಂದು ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮರಣ ಪ್ರಮಾಣಪತ್ರವಿಲ್ಲದೆ ವಿಧವಾ ವೇತನದ ಅರ್ಜಿ ಮುಂದೆ ಹೋಗುವುದಿಲ್ಲ.

ಮೌಲ್ಯಮಾಪನ

ಈ ಬಾರಿ ‘ಕಾರ್ಯಗಳನ್ನು ಬರೆಯಿರಿ’ ಎಂದು ಕೇಳಲಿಲ್ಲ. ಸನ್ನಿವೇಶ ಕೊಟ್ಟೆ: ‘ನಿನ್ನ ಅಕ್ಕನಿಗೆ ಹಾಸ್ಟೆಲ್ ಸೇರಲು ಆದಾಯ ಪ್ರಮಾಣಪತ್ರ ಬೇಕು. ಎಲ್ಲಿಗೆ ಹೋಗುವೆ? ಬರುವಾಗ ಏನು ತರುವೆ?’ ಸರಿಯಾದ ಇಲಾಖೆಯನ್ನು ಬರೆದವರು 22. ಸ್ವೀಕೃತಿ ತರುತ್ತೇವೆ ಎಂದು ಬರೆದವರು 13 ಮಾತ್ರ. ಅಂಕದ ಲೆಕ್ಕದಲ್ಲಿ ಇದು ಮೊದಲ ಪಾಠಕ್ಕಿಂತ ಕಡಿಮೆ. ಆದರೆ ಎಲ್ಲಿ ಕಲಿಕೆ ಆಗಿಲ್ಲ ಎಂಬುದು ಈ ಪ್ರಶ್ನೆಯಿಂದ ತಿಳಿಯಿತು, ಮೊದಲನೆಯದರಿಂದ ತಿಳಿಯಲಿಲ್ಲ. ಮರುದಿನ ಹದಿನೈದು ನಿಮಿಷ ಸ್ವೀಕೃತಿಯ ಭಾಗವನ್ನೇ ಪರಿಹಾರ ಬೋಧನೆಯಾಗಿ ತೆಗೆದುಕೊಂಡೆ.

ಮಾರ್ಗದರ್ಶಕರು ಒಂದು ದೋಷ ತೋರಿಸಿದರು. ಮೂರನೆಯ ಚಟುವಟಿಕೆಯಲ್ಲಿ ಅಂಕಿಗಳು ಹೆಚ್ಚಾದವು, ಮಕ್ಕಳು ಸುಮ್ಮನೆ ಕೇಳುತ್ತ ಕೂತರು. ಅದು ನಿಜ. ಮುಂದೆ ಮಾಡುವವರು ಅದನ್ನು ಬೇರೆ ಅವಧಿಗೆ ಇಟ್ಟುಕೊಂಡು, ಒಂದು ಮೇಲ್ಮನವಿಯನ್ನು ಮಕ್ಕಳಿಂದಲೇ ಬರೆಸುವುದು ಒಳ್ಳೆಯದು.

ನಾನು ಕಲಿತದ್ದು

ಆ ಹುಡುಗಿಯನ್ನು ಪಾಠಕ್ಕೆ ಮೊದಲೇ ಬೇರೆಯಾಗಿ ಕರೆದು ಬೇಕಾಗುವ ದಾಖಲೆಗಳ ಪಟ್ಟಿ ಬರೆದುಕೊಟ್ಟಿದ್ದೆ: ತಂದೆಯ ಮರಣ ಪ್ರಮಾಣಪತ್ರ, ತಾಯಿಯ ಆಧಾರ್, ಬ್ಯಾಂಕ್ ಪಾಸ್‌ಬುಕ್ ಮುಂತಾದವು. ಹೋಗುವ ಮುನ್ನ ಎಲ್ಲವೂ ಇದೆಯೇ ನೋಡಿಕೊಳ್ಳಿ, ಇನ್ನೊಂದು ದಿನದ ಕೂಲಿ ಹೋಗಬಾರದು ಎಂದಿದ್ದೆ. ಬೋಧನಾಭ್ಯಾಸದ ಕೊನೆಯ ವಾರ ಅವಳು ಸಮಾಜ ವಿಜ್ಞಾನದ ನೋಟ್‌ಬುಕ್ಕಿನೊಳಗಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದು ತೋರಿಸಿದಳು. ಸ್ವೀಕೃತಿ ಪತ್ರ. “ನಂಬರ್ ಎಣಿಸ್ದೆ ಮಿಸ್, ಹದಿನೈದೇ ಇದೆ” ಎಂದಳು. ನಾನು ಕಾಲೇಜಿಗೆ ಮರಳುವವರೆಗೆ ಆದೇಶ ಬಂದಿರಲಿಲ್ಲ. ಆದರೆ ಯಾವ ದಿನದ ನಂತರ, ಯಾರ ಹತ್ತಿರ ಹೋಗಿ ಕೇಳಬೇಕೆಂದು ಆ ಮನೆಗೆ ಗೊತ್ತಿದೆ.

ಈ ಘಟಕವನ್ನು ಬೋಧಿಸಲಿರುವ ಗೆಳೆಯರಿಗೆ ನನ್ನ ಮನವಿ ಎರಡೇ. ಪಾಠಕ್ಕೆ ಮೊದಲು ಆ ಊರಿನ ಜನ ಹೋಗುವ ಕಚೇರಿಗಳಿಗೆ ನೀವೂ ಒಮ್ಮೆ ಹೋಗಿ ಬನ್ನಿ. ಮಗು ಕೇಳಿದ್ದು ಗೊತ್ತಿಲ್ಲದಿದ್ದರೆ “ನಾಳೆ ತಿಳಿದುಕೊಂಡು ಹೇಳ್ತೀನಿ” ಎನ್ನಿ. ಆ ಒಂದು ದಿನ ತಡವಾಗುವುದರಿಂದ ಯಾರ ಕೂಲಿಯೂ ಹೋಗುವುದಿಲ್ಲ.