ಹಳೆಯ ಯೆಜ್ಡಿಯ ಪೆಟ್ರೋಲ್ ಸೋರಿಕೆ: ಕಾಕ್‌ನಿಂದ ಕಾರ್ಬುರೇಟರ್‌ವರೆಗೆ

ಹಳೆಯ ಯೆಜ್ಡಿಯಲ್ಲಿ ಪೆಟ್ರೋಲ್ ಸೋರುವ ಜಾಗಗಳು ಮುಖ್ಯವಾಗಿ ಐದು: ಟ್ಯಾಂಕಿನ ತಳದ ಬೆಸುಗೆ, ಪೆಟ್ರೋಲ್ ಕಾಕ್, ರಬ್ಬರ್ ಪೈಪಿನ ತುದಿಗಳು, ಕಾರ್ಬುರೇಟರಿನ ಪ್ಯಾಕಿಂಗ್, ತುಂಬಿ ಹರಿಯುವ ಫ್ಲೋಟ್ ಚೇಂಬರ್. ಹನಿ ಬಿದ್ದ ಜಾಗ ನೋಡಿ ಸೋರುವ ಜಾಗ ಹೇಳಲಾಗದು. ಕಾಕ್‌ನಲ್ಲಿ ಒಸರಿದ ಪೆಟ್ರೋಲ್ ಪೈಪಿನ ಮೈಮೇಲೆ ಜಾರಿ ಕಾರ್ಬುರೇಟರಿನ ತಳದಲ್ಲಿ ಹನಿಯಾಗುತ್ತದೆ. ಅದನ್ನು ಕಂಡವರು ಕಾರ್ಬುರೇಟರ್ ಬಿಚ್ಚುತ್ತಾರೆ, ಜೆಟ್ ಊದುತ್ತಾರೆ, ಮತ್ತೆ ಜೋಡಿಸುತ್ತಾರೆ, ಸೋರುವುದು ನಿಲ್ಲುವುದಿಲ್ಲ. ಹುಡುಕಾಟ ಯಾವಾಗಲೂ ಮೇಲಿನಿಂದ ಕೆಳಕ್ಕೆ ನಡೆಯಬೇಕು: ಮೊದಲು ಟ್ಯಾಂಕು, ಆಮೇಲೆ ಕಾಕ್, ಪೈಪು, ಕೊನೆಗೆ ಕಾರ್ಬುರೇಟರ್.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರು ಪಡೆದದ್ದು 1973ರಲ್ಲಿ; ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಹಾಗಾಗಿ ಆ ಕಾಲದ ಗಾಡಿಗಳಲ್ಲಿ ತೀರಾ ಎಳೆಯದಕ್ಕೂ ಮೂವತ್ತರ ಹತ್ತಿರದ ವಯಸ್ಸು. ಇಷ್ಟು ವರ್ಷದಲ್ಲಿ ಕಾಕ್‌ನ ರಬ್ಬರ್ ವಾಷರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ, ಪೈಪು ಬಿರುಕು ಬಿಡುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ, ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಈಗ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಎಥನಾಲ್ ಹಳೆಯ ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ಗಾಳಿಯ ತೇವ ಹೀರಿ ಟ್ಯಾಂಕಿನೊಳಗೆ ತುಕ್ಕು ಹಿಡಿಸುತ್ತದೆ. ಆ ತುಕ್ಕಿನ ಪುಡಿ ಇಳಿದು ಕೂರುವುದು ಕಾರ್ಬುರೇಟರಿನ ನೀಡಲ್ ಬಾಯಿಯಲ್ಲಿ.

ಫ್ಲೋಟ್ ಕೆಲಸ ಮಾಡುವ ರೀತಿ ಮನೆಯ ಮೇಲಿನ ನೀರಿನ ಟ್ಯಾಂಕಿನ ತೇಲುಚೆಂಡಿನಂತೆಯೇ. ಪೆಟ್ರೋಲ್ ಏರಿದಾಗ ಫ್ಲೋಟ್ ಮೇಲೆದ್ದು ನೀಡಲನ್ನು ಒತ್ತಿ ಒಳದಾರಿ ಮುಚ್ಚುತ್ತದೆ. ಈ ಮುಚ್ಚುವಿಕೆ ಮೂರು ಕಾರಣಕ್ಕೆ ಕೆಡುತ್ತದೆ: ನೀಡಲ್ ಕೂರುವ ಜಾಗದಲ್ಲಿ ಕಸ, ತುದಿ ಸವೆದು ಗೆರೆ ಬಿದ್ದ ನೀಡಲ್, ತೂತಾಗಿ ಪೆಟ್ರೋಲ್ ಕುಡಿದು ಮುಳುಗಿದ ಹಿತ್ತಾಳೆ ಫ್ಲೋಟ್. ಆಗ ಹೆಚ್ಚಾದ ಪೆಟ್ರೋಲ್ ಹೊರಗೆ ಹರಿಯುತ್ತದೆ. ಸಿಲಿಂಡರಿನ ಒಳದಾರಿ ತೆರೆದಿರುವಂತೆ ಪಿಸ್ಟನ್ ಮೇಲೆ ನಿಂತಿದ್ದರೆ ಕ್ರ್ಯಾಂಕ್‌ಕೇಸಿಗೂ ಇಳಿಯುತ್ತದೆ. ಕಿಕ್ಕರ್ ಭಾರವಾಗುವುದು, ಪ್ಲಗ್ ಒದ್ದೆಯಾಗುವುದು, ಸ್ಟಾರ್ಟ್ ಆದರೆ ದಟ್ಟ ಹೊಗೆ ಬರುವುದು ಇದರ ಗುರುತು. ಪೆಟ್ರೋಲ್ ತುಂಬಿದ ಟೂ ಸ್ಟ್ರೋಕ್ ಇಂಜಿನ್ನಿನ ಮುಂದೆ ಆತುರ ಪಡುವುದು ಅಪಾಯ. ಇದಕ್ಕೆ ಲೇಖಕನ ಗಾಡಿಯೇ ಸಾಕ್ಷಿ.

ಅದು ತಂದೆಯಿಂದ ಬಂದ ರೋಡ್‌ಕಿಂಗ್. ಎರಡು ವಾರದಿಂದ ಕಾಕ್ ಮುಚ್ಚಿದರೂ ಒಸರುತ್ತಿತ್ತು, ಕಾರ್ಬುರೇಟರ್ ತುಂಬಿ ಹರಿಯುತ್ತಿತ್ತು. ಮೆಕ್ಯಾನಿಕ್ ಎರಡನ್ನೂ ಬದಲಿಸಬೇಕೆಂದಿದ್ದ. ತಂದೆ ಹಾಕಿಸಿದ ಭಾಗಗಳನ್ನು ತೆಗೆಯಬಾರದೆಂಬ ಹಟದಿಂದ ಲೇಖಕ ಒಪ್ಪಲಿಲ್ಲ. "ಹಳೇ ಗಾಡಿ ಅಂದ್ಮೇಲೆ ಸೋರದೇ ಇರತ್ತಾ, ಬಿಡಪ್ಪ" ಎಂದು ಭಾವನವರೂ ದನಿಗೂಡಿಸಿದರು. ಜುಲೈ ತಿಂಗಳ ಎರಡನೆಯ ಶನಿವಾರ ಸಂಜೆ ಅವರೇ ಗಾಡಿ ಒಯ್ದು ತಂದು, ಕಾಕ್ ಮುಚ್ಚದೆ ನಿಲ್ಲಿಸಿ ಹೋದರು. ಮರುದಿನ ಜಾವಾ–ಯೆಜ್ಡಿ ದಿನ. ಬೆಳಗ್ಗೆ ಎಂಟಕ್ಕೆ ಗೆಳೆಯರೊಂದಿಗೆ ಹೊರಡಬೇಕಿತ್ತು.

ಬೆಳಗ್ಗೆ ಪೋರ್ಟಿಕೋದ ತುಂಬ ಪೆಟ್ರೋಲ್ ವಾಸನೆ. ಗಾಡಿಯ ಕೆಳಗೆ ಅಗಲವಾದ ಒದ್ದೆ ಕಲೆ. ಕಿಕ್ಕರ್ ಕಲ್ಲಿನಂತೆ ನಿಂತಿತ್ತು. ಗಾಡಿಯನ್ನು ಬಯಲಿಗೆ ತಳ್ಳಿ ಗಾಳಿಯಾಡಲು ಬಿಡಬೇಕಿತ್ತು. ಅದರ ಬದಲು ಲೇಖಕ ಪ್ಲಗ್ ಬಿಚ್ಚಿ ಒರೆಸಿದ, ಕ್ಯಾಪಿಗೆ ಸಿಕ್ಕಿಸಿ ಸಿಲಿಂಡರ್ ಹೆಡ್ಡಿನ ಮೇಲೆ, ಪ್ಲಗ್ಗಿನ ತೂತಿನ ಪಕ್ಕದಲ್ಲೇ ಇಟ್ಟ. ಸ್ಪಾರ್ಕ್ ನೋಡಲು ಮುಖ ಬಗ್ಗಿಸಿದ. ಭಾವ ಕಿಕ್ಕರ್ ತುಳಿದರು. ಪ್ಲಗ್ ಇಲ್ಲದ್ದರಿಂದ ಕಿಕ್ಕರ್ ಈ ಸಲ ಸಲೀಸಾಗಿ ಇಳಿಯಿತು. ಒಳಗೆ ನಿಂತಿದ್ದ ಪೆಟ್ರೋಲ್ ಆ ತೂತಿನಿಂದ ಮಂಜಿನಂತೆ ಚಿಮ್ಮಿತು. ಅದೇ ಕ್ಷಣಕ್ಕೆ ಪಕ್ಕದಲ್ಲಿ ನೀಲಿ ಕಿಡಿ ಹಾರಿತು. ಭುಗ್ಗೆಂಬ ಸದ್ದು ಕೇಳುವ ಮೊದಲೇ ಹುಬ್ಬು ಸುಟ್ಟ ವಾಸನೆ ಮೂಗಿಗೆ ಬಡಿದಿತ್ತು. ಹೆಡ್ಡಿನ ಮೇಲಿನ ಬೆಂಕಿ ಒದ್ದೆಯಾಗಿದ್ದ ಕಾರ್ಬುರೇಟರಿಗೆ ಇಳಿಯಿತು. ಅಲ್ಲಿಂದ ತೊಟ್ಟಿಕ್ಕುವ ಒಂದೊಂದು ಹನಿಯೂ ಉರಿಯುತ್ತ ನೆಲಕ್ಕೆ ಬೀಳತೊಡಗಿತು. ಮೇಲೆ ಎಂಟು ಲೀಟರ್ ಪೆಟ್ರೋಲ್ ತುಂಬಿದ ಟ್ಯಾಂಕು. ಅದರ ಕೆಳಗೆ, ಜ್ವಾಲೆಯಿಂದ ಒಂದು ಗೇಣು ದೂರದಲ್ಲಿ, ಇನ್ನೂ ತೆರೆದೇ ಇದ್ದ ಕಾಕ್. ತಾಯಿ ಬಕೆಟ್ ನೀರು ಹಿಡಿದು ಓಡಿ ಬಂದರು. "ನೀರು ಹಾಕ್ಬೇಡಮ್ಮ, ಗೋಣಿಚೀಲ ಕೊಡು" ಎಂದು ಕೂಗಿದ್ದೊಂದೇ ಆ ಬೆಳಗ್ಗೆ ಲೇಖಕ ಮಾಡಿದ ಸರಿಯಾದ ಕೆಲಸ. ನೀರು ಸುರಿದಿದ್ದರೆ ಉರಿಯುವ ಪೆಟ್ರೋಲ್ ಅದರ ಮೇಲೆ ತೇಲಿ ಮನೆಯ ಬಾಗಿಲವರೆಗೆ ಹರಿಯುತ್ತಿತ್ತು. ಅದೇ ನೀರಲ್ಲಿ ಅದ್ದಿದ ಚೀಲವನ್ನು ಭಾವ ಕಾರ್ಬುರೇಟರಿನ ಮೇಲೆ ಒತ್ತಿ ಹಿಡಿದರು; ಲೇಖಕ ಎಡಗೈ ತೂರಿಸಿ ಕಾಕ್ ತಿರುಗಿಸಿದ. ಗಟ್ಟಿಯಾದ ವಾಷರಿನ ಆ ಕಾಕ್ ಆಗಲೂ ಪೂರ್ತಿ ಮುಚ್ಚಲಿಲ್ಲ. ಎರಡನೆಯ ಚೀಲ ಬಿದ್ದ ಮೇಲೆ ಬೆಂಕಿ ಆರಿತು. ಎಡಗೈ ಬೆನ್ನಿನ ಚರ್ಮ ಬರಲು ಆರು ವಾರ ಹಿಡಿಯಿತು.

ಕಾಕ್ ತೆರೆದಿಟ್ಟವರು ಭಾವ. ಆ ಮಾತನ್ನು ಲೇಖಕ ಇಂದಿಗೂ ಹಿಂತೆಗೆದುಕೊಂಡಿಲ್ಲ. ಆದರೆ ಕಾಕ್ ತೆರೆದಿದ್ದರೂ ಸರಿಯಾದ ನೀಡಲ್ ಇದ್ದಿದ್ದರೆ ಪೆಟ್ರೋಲ್ ತಡೆಯುತ್ತಿತ್ತು. ಎರಡು ವಾರ ಅದನ್ನು ಬದಲಿಸಲು ಬಿಡದ ಹಟ ಲೇಖಕನದು.

ದುರಸ್ತಿಯ ಕ್ರಮ ಹೀಗೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿ ಒಲೆಯನ್ನೋ ದೀಪವನ್ನೋ ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಗಾಡಿಯನ್ನು ಮೊದಲು ಬಯಲಿಗೆ ತರಬೇಕು. ಎಲ್ಲ ಜೋಡಣೆಗಳನ್ನೂ ಒರೆಸಿ, ಪೈಪನ್ನು ಕಾರ್ಬುರೇಟರಿನಿಂದ ಬಿಡಿಸಿ, ಅದರ ತುದಿಯನ್ನು ಸೀಸೆಗೆ ಬಿಟ್ಟು ಕಾಕ್ ಮುಚ್ಚಬೇಕು. ಸೀಸೆಗೆ ಹನಿ ಬಿದ್ದರೆ ತಪ್ಪು ಕಾಕ್‌ನದು. ಹನಿ ಬೀಳದಿದ್ದರೆ ಪೈಪನ್ನು ಮತ್ತೆ ಸಿಕ್ಕಿಸಿ ಕಾಕ್ ತೆರೆಯಬೇಕು. ಆಗ ಫ್ಲೋಟ್ ಚೇಂಬರ್ ತುಂಬಿ ಹರಿದರೆ ತಪ್ಪು ನೀಡಲಿನದು ಅಥವಾ ಫ್ಲೋಟಿನದು. ಹಿತ್ತಾಳೆ ಫ್ಲೋಟನ್ನು ಒಲೆಯಿಂದ ದೂರದಲ್ಲಿ ಬಿಸಿನೀರಲ್ಲಿ ಅದ್ದಿದರೆ ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಅದಕ್ಕೆ ಬೆಸುಗೆ ಹಾಕಿದರೆ ತೂಕ ಹೆಚ್ಚಿ ಪೆಟ್ರೋಲ್ ಮಟ್ಟ ಏರುತ್ತದೆ. ಹೊಸದು ಹಾಕುವುದೇ ಸರಿ. ಜೆಟ್ಟಿಗೆ ತಂತಿ ತೂರಿಸಬಾರದು, ಗಾಳಿ ಊದಿದರೆ ಸಾಕು. ಸ್ಪಾರ್ಕ್ ನೋಡುವುದಿದ್ದರೆ ಇಂಜಿನ್ ಒಣಗಿದ ಮೇಲೆ, ಪ್ಲಗ್ಗಿನ ತೂತನ್ನು ಮುಚ್ಚಿ, ಅದರಿಂದ ದೂರದಲ್ಲಿ ನೋಡಬೇಕು.

ಪೆಟ್ರೋಲ್ ಕಡಿಮೆ ಬೀಳುವುದೂ ದೋಷವೇ. ಟ್ಯಾಂಕಿನ ಮುಚ್ಚಳದ ಸಣ್ಣ ರಂಧ್ರ ಕಟ್ಟಿದರೆ ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ. ಮುಚ್ಚಳ ತೆರೆದರೆ ಮತ್ತೆ ಓಡುತ್ತದೆ. ಕಾರ್ಬುರೇಟರ್ ಮತ್ತು ಸಿಲಿಂಡರಿನ ನಡುವಿನ ಪ್ಯಾಕಿಂಗ್ ಗಾಳಿ ಎಳೆದರೆ ರೇಸ್ ತಾನಾಗಿ ಏರಿಳಿಯುತ್ತದೆ. ಮೈಲೇಜಿನ ಆಸೆಗೆ ಚಿಕ್ಕ ಜೆಟ್ ಹಾಕುವುದು ಇನ್ನೂ ಕೆಟ್ಟದ್ದು. ಯೆಜ್ಡಿಗೆ ಲೀಟರಿಗೆ 40 ಮಿಲಿಯಂತೆ ಆಯಿಲ್ ಹೋಗುವುದು ಪೆಟ್ರೋಲಿನಲ್ಲೇ ಬೆರೆತು. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆಯಾಗಿ ಪಿಸ್ಟನ್ ಹಿಡಿಯುತ್ತದೆ.

ಕೆಲಸ ಮುಗಿದ ಮೇಲೆ ಕಾಕ್ ತೆರೆದು, ಗಾಡಿಯ ಕೆಳಗೆ ಒಂದು ಹಾಳೆ ಹಾಸಿ ಅರ್ಧ ಗಂಟೆ ಬಿಡಬೇಕು. ಹಾಳೆಯ ಮೇಲೆ ಒಂದು ಹನಿಯೂ ಇಲ್ಲದಿದ್ದರೆ ಮಾತ್ರ ಕಿಕ್ಕರ್ ಮೇಲೆ ಕಾಲಿಡಬಹುದು.