ಕೆಲಸಕ್ಕೆ ಒಪ್ಪುವ ಮುನ್ನ

ಪ್ರಿಯ ಯುವಜನರೇ, ನೇಮಕಾತಿ ಪತ್ರ ಬಂದಾಗ ಮನೆಯವರು ಮೊದಲು ನೋಡುವುದು ಸಂಬಳವನ್ನು. ಅದು ತಪ್ಪಲ್ಲ. ಆದರೆ ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ದುಡಿಮೆಗಾಗಿ ಅಲ್ಲವೆಂದು ಜಗದ್ಗುರು ಎರಡನೇ ಜಾನ್ ಪಾಲರು 1981ರ ವಿಶ್ವಪತ್ರದಲ್ಲಿ ಬೋಧಿಸಿದ್ದಾರೆ.

ಆದ್ದರಿಂದ ಸಹಿ ಹಾಕುವ ಮುನ್ನ ವಿಚಾರಿಸಿ. ಸಂಜೆ ಕಂಪನಿಯ ಗೇಟಿನ ಬಳಿ ನಿಂತು, ಕೆಲಸದವರು ಎಷ್ಟು ಹೊತ್ತಿಗೆ, ಯಾವ ಮುಖದಲ್ಲಿ ಹೊರಬರುತ್ತಾರೆಂದು ನೋಡಿ. ಆ ಜಾಗದಲ್ಲಿ ಮೊದಲಿದ್ದವರು ಏಕೆ ಬಿಟ್ಟರೆಂದು ಕೇಳಿ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವ ಕಡೆ ಎಚ್ಚರವಿರಲಿ. 10 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಲೇಬೇಕೆಂದು 2013ರ ಕಾನೂನು ಹೇಳುತ್ತದೆ. ಹೆಣ್ಣುಮಕ್ಕಳು ಅದನ್ನು ಕೇಳಲು ಸಂಕೋಚಪಡಬಾರದು. ಭಾನುವಾರದ ಪೂಜೆಗೆ ಬಿಡುವುಂಟೇ ಎಂಬುದನ್ನೂ ತಿಳಿಯಿರಿ.

ತಂದೆತಾಯಿಗಳೇ, ಮಕ್ಕಳ ಮನಸ್ಸಾಕ್ಷಿ ಒಪ್ಪದ ಕಡೆಗೆ ಅವರನ್ನು ದೂಡಬೇಡಿ. ಸಾಲ ತೀರುವುದು ತಡವಾದರೂ ಸರಿ, ಮಗಳು ನೆಮ್ಮದಿಯಿಂದ ಮನೆಗೆ ಬರಲಿ.